ಉಜ್ಜಿ ಬೆಳಗಿದ ಮೂಳೆ

ಸೋಮವಾರ, ಬೆಳಗಿನ ಒಂಬತ್ತು ಗಂಟೆ
ಅಡುಗೆಮನೆಯ ಹೊಸ್ತಿಲಲ್ಲಿ ಕೂತು

ಪ್ರೀತಿಯ ತಮ್ಮಾ,

ಇವತ್ತು ನನಗೆ ಉಪವಾಸ. ನೀರು ತುಂಬಿ, ನೆಲ ಒರೆಸಿ, ಬಟ್ಟೆ ಹಿಂಡಿ ಹಾಕಿ ದೇವರ ಮುಂದೆ ಕೂತೆ. ಬಾಯಲ್ಲಿ ಪ್ರಾರ್ಥನೆ, ಮನಸ್ಸೆಲ್ಲ ನಿನ್ನ ಕಿವಿಯಲ್ಲಿ. ಹೇಗಿದ್ದೀಯ? ತಲೆನೋವು, ಜ್ವರ ಏನಾದರೂ ಇದೆಯೇ? ಹೋದ ಕಾಗದದಲ್ಲಿ “ಆಪರೇಷನ್ ಆದ ಕಿವಿ ಚೆನ್ನಾಗಿ ಕೇಳಿಸ್ತಿದೆ ಅಕ್ಕಾ, ದಿಂಬಿಗೆ ಒಂಚೂರು ಹಳದಿ ಅಂಟುತ್ತೆ ಅಷ್ಟೆ” ಎಂದು ನೀನು ಬರೆದಿದ್ದೆ. ಆ “ಅಷ್ಟೆ”ಯನ್ನೇ ನಾಲ್ಕು ದಿನದಿಂದ ಮತ್ತೆ ಮತ್ತೆ ತೆಗೆದು ಓದುತ್ತಿದ್ದೇನೆ. ಚಿಕ್ಕಂದಿನಲ್ಲಿ ನಿನ್ನ ಕಿವಿ ಸೋರಿದಾಗೆಲ್ಲ ಒರೆಸುತ್ತಿದ್ದವಳು ನಾನಲ್ಲವೇ? “ಒಂದು ಕಿವಿ ಹೋದ್ರೇನೋ, ಬೈಗುಳ ಅರ್ಧ ಉಳೀತು, ಪುಣ್ಯವಂತ” ಎಂದು ಅಮ್ಮ ನಿನ್ನನ್ನು ನಗಿಸಿ, ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ನನ್ನ ಕಾರ್ಖಾನೆಯ ಕೆಲಸ ನಿನಗೆ ಗೊತ್ತು. ಕಿವಿಯೊಳಗಿನ ಪುಟ್ಟ ಮೂಳೆ ಕೀವಿನಲ್ಲಿ ಸವೆದವರಿಗೆ ಅದರ ಬದಲು ಕೂರಿಸುವ ಮೂಳೆ ಮಾಡುತ್ತೇವೆ. ಪಿಂಗಾಣಿಯಂಥದು, ಅಕ್ಕಿಕಾಳಿಗಿಂತ ಸಣ್ಣದು. ಅದರ ಮೇಲೆ ಬೆಳ್ಳಿಯ ತೆಳು ಲೇಪ ಇರುತ್ತದೆ. ಭೂತಗನ್ನಡಿಯ ಕೆಳಗೆ ನೋಡಿ, ಚಿಮಟದಲ್ಲಿ ಎತ್ತಿ ಪೊಟ್ಟಣಕ್ಕೆ ಹಾಕುವುದು ನನ್ನ ಪಾಲಿನದು. ಆರು ತಿಂಗಳ ಹಿಂದೆ, ಸೇರಿದ ಮೊದಲ ವಾರವೇ, ಹನ್ನೆರಡು ಮೂಳೆಯ ಒಂದು ತಟ್ಟೆ ಬಂತು. ಎಲ್ಲವೂ ಮಬ್ಬು, ಕಪ್ಪು. ಮೂವತ್ತು ವರ್ಷ ದೇವರ ಬೆಳ್ಳಿ ದೀಪ ಬೆಳಗಿದ ಕೈ ಸುಮ್ಮನಿರುತ್ತದೆಯೇ? ಇಷ್ಟು ಕೊಳಕಾದದ್ದನ್ನು ಮನುಷ್ಯರ ಕಿವಿಗೆ ಇಡುವುದುಂಟೇ ಎಂದುಕೊಂಡೆ. ಊಟದ ಹೊತ್ತಿನಲ್ಲಿ ಎಲ್ಲರೂ ಹೋದಾಗ ಹಲ್ಲುಪುಡಿ, ಒದ್ದೆ ಬಟ್ಟೆ ತಗೊಂಡು ಒಂದೊಂದನ್ನೇ ಉಜ್ಜಿ ಹಾಲಿನ ಹಾಗೆ ಮಾಡಿದೆ. ಇವು ಸೇರಿದ ಕಿವಿಗೆ ಒಳ್ಳೆಯ ಮಾತೇ ಬೀಳಲಿ ಎಂದು ಕೈ ಕೂಡ ಮುಗಿದೆ.

ಹೋದ ತಿಂಗಳು ನಮ್ಮ ಮೇಲ್ವಿಚಾರಕಿ, ನಾವೆಲ್ಲ ಗುಬ್ಬಕ್ಕ ಅನ್ನುತ್ತೇವೆ, ಹೊಸಬರಿಗೆ ಹೇಳುತ್ತಿದ್ದಳು: “ಮೂಳೆ ಮೇಲಿನ ಆ ಬೆಳ್ಳಿ ಮಬ್ಬೇ ಕಣ್ರೇ ಔಷಧಿ. ಕ್ರಿಮಿ ಅದರ ಮೇಲೆ ಕೂರಲ್ಲ. ಉಜ್ಜಿದ್ರೆ ಉಳಿಯೋದು ಬರೀ ಕಲ್ಲು.” ನನ್ನ ಕೈಯ ಚಿಮಟ ಜಾರಿ ಬಿತ್ತು. “ಏನ್ರೀ, ದೆವ್ವ ಕಂಡ್ರಾ?” ಎಂದು ನಕ್ಕಳು.

ಕಂಡದ್ದು ಆಮೇಲೆ. ಬಸ್ಸಿನಲ್ಲಿ ಮುಂದಿನ ಸೀಟಿನವರ ಕಿವಿಯಲ್ಲಿ ಹತ್ತಿ ಕಂಡರೆ ಇಳಿದುಬಿಡುತ್ತೇನೆ. ತಲೆ ಓರೆ ಮಾಡಿ ನಡೆಯುವವರೆಲ್ಲ ನನ್ನನ್ನೇ ಹುಡುಕಿಕೊಂಡು ಬಂದವರಂತೆ ಕಾಣುತ್ತಾರೆ. ಪಾತ್ರೆ ತೊಳೆಯುವಾಗ ಹಿಂದಿನಿಂದ ಯಾರೋ “ಅಕ್ಕಾ” ಅಂದಂತಾಗುತ್ತದೆ. ತಿರುಗಿದರೆ ಬರೀ ಗೋಡೆ. ನಿನ್ನ ಕಾಗದ ಬಂದ ಮೇಲೆ ತಡೆಯಲಾಗಲಿಲ್ಲ. ಮೊನ್ನೆ ಗುಬ್ಬಕ್ಕನ ಮುಂದೆ ಬಾಯಿ ಬಿಟ್ಟೆ. ಅವಳು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮೂಳೆ ಕಳಿಸಿದ ಲೆಕ್ಕದ ಪುಸ್ತಕ ತೆಗೆದು ನೋಡಿದಳು. ಹನ್ನೊಂದು ಮೂಳೆ ಒಂದೇ ಆಸ್ಪತ್ರೆಗೆ ಹೋಗಿದ್ದವು. ಆ ಹನ್ನೊಂದು ಜನರನ್ನೂ ವಾಪಸ್ ಕರೆಸುತ್ತಿದ್ದಾರೆ. “ಹನ್ನೆರಡನೇದು ಎಲ್ಲಿ?” ಎಂದಳು. ಗೊತ್ತಿಲ್ಲ ಅಂದೆ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ದೇವರು ನಿಮ್ಮಿಬ್ಬರ ತಲೆ ಕಾಯಲಿ.

ನಿನ್ನ
ಅಕ್ಕ

ಮರೆತೆ ಎನ್ನಲಾರೆ, ಬರೆಯಲು ಕೈ ಬರಲಿಲ್ಲ: ಗೊತ್ತಿಲ್ಲ ಅಂದದ್ದು ಸುಳ್ಳು. ಮನೆಯವರಿಗೆಂದು ಕಾರ್ಖಾನೆಯವರು ಲೆಕ್ಕದ ಪುಸ್ತಕಕ್ಕೆ ಏರಿಸದೆ ಒಂದು ಮೂಳೆ ಬಿಟ್ಟಿ ಕೊಡುತ್ತಾರಲ್ಲ, ಆ ತಟ್ಟೆಯಲ್ಲಿ ಎಲ್ಲಕ್ಕಿಂತ ಹೊಳೆಯುತ್ತಿದ್ದುದನ್ನೇ ಆರಿಸಿ ನಿನ್ನ ಡಾಕ್ಟರಿಗೆ ಕಳಿಸಿದವಳು ನಾನೇ. ಇವತ್ತೇ ಅವರಲ್ಲಿಗೆ ಹೋಗು, ಈ ಕಾಗದ ತೋರಿಸು, ಅದನ್ನು ತೆಗೆಸು. ಕೆಲಸ ಹೋದರೆ ಹೋಗಲಿ, ಗುಬ್ಬಕ್ಕನಿಗೂ ಈಗಲೇ ಹೋಗಿ ಹೇಳುತ್ತೇನೆ. ಎರಡು ಸಲ ಫೋನ್ ಎತ್ತಿ ಇಟ್ಟೆ. ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳೇ ಬರುತ್ತದೆ. ಈ ಕಾಗದ ತಂದ ಬಸ್ ಡ್ರೈವರ್ ಸಂಜೆ ನಾಲ್ಕಕ್ಕೆ ಅಲ್ಲಿಂದ ಹಿಂತಿರುಗುತ್ತಾನೆ. ಡಾಕ್ಟರು ಏನಂದರೆಂದು ಎರಡು ಸಾಲು ಬರೆದು ಅವನ ಕೈಯಲ್ಲಿ ಕೊಡು. ಇಲ್ಲಿನ ಬಸ್ ನಿಲ್ದಾಣಕ್ಕೆ ಹೋಗಿ ನಿನ್ನ ಉತ್ತರ ಇಸಿದುಕೊಂಡು ಬಾ ಎಂದು ಪಕ್ಕದ ಮನೆಯವಳನ್ನು ಕೇಳಿಕೊಂಡಿದ್ದೇನೆ. ಅಲ್ಲಿ ಜನರ ನಡುವೆ ನಿಂತು ಅದನ್ನು ಓದುವ ಶಕ್ತಿ ನನಗಿಲ್ಲ.