ಬೀದಿಗೆಲ್ಲ ಹಂಚಿದ ಕೆಂಪನ್ನ

ಟೋಕಿಯೊ, ಏಪ್ರಿಲ್ ೯

ಪ್ರೀತಿಯ ಅಪ್ಪನಿಗೆ,

ಊರಿನಿಂದ ಪಕ್ಕದ ಮನೆಯ ಮಿತ್ಸುಯೊ ಅಜ್ಜಿ ಫೋನ್ ಮಾಡಿದ್ದರು. "ನಿಮ್ಮಪ್ಪ ಮನೆಮನೆಗೂ ಹೋಗಿ ತಲೆ ಬಗ್ಗಿಸಿ ತಪ್ಪಾಯ್ತು ಅಂತಿದಾನೆ ಕಣೇ! ತಿಂದು ಅರಗಿಸಿಕೊಂಡ ಅನ್ನಕ್ಕೆ ಯಾರಾದ್ರೂ ಕ್ಷಮೆ ಕೇಳ್ತಾರಾ?" ಎಂದು ಬೈದರು.

ತಪ್ಪು ನಿಮ್ಮದಲ್ಲ. ಈಜಿನ ಆಯ್ಕೆ ಸ್ಪರ್ಧೆಯಲ್ಲಿ ನಾನು ಮೊದಲು ಕೊಳದ ಗೋಡೆ ಮುಟ್ಟಿದ್ದನ್ನು ಟಿವಿಯಲ್ಲಿ ನೋಡಿ, ಮಗಳು ಒಲಿಂಪಿಕ್ಸ್‌ಗೆ ಹೊರಟಳೆಂದು ಶುಭ ಸಂದರ್ಭಕ್ಕೆ ಮಾಡುವ ಕೆಂಪು ಕಾಳಿನ ಅನ್ನ ಬೇಯಿಸಿ ಬೀದಿಗೆಲ್ಲ ಹಂಚಿದಿರಿ. ಗೆದ್ದರಷ್ಟೇ ಸಾಲದು, ಈಜು ಒಕ್ಕೂಟ ಗೊತ್ತುಮಾಡಿದ ಸಮಯದೊಳಗೆ ಈಜಿರಬೇಕು ಎಂಬುದನ್ನು ನಾನೇ ನಿಮಗೆ ಹೇಳಿರಲಿಲ್ಲ. ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ತಡವಾಯಿತು. ನೀರಿನಲ್ಲೇ ನಿಂತು ಅತ್ತದ್ದು ಸಂತೋಷಕ್ಕೆ ಎಂದುಕೊಂಡಿರಂತೆ.

ನನಗೂ ಇಪ್ಪತ್ತೊಂಬತ್ತಾಯಿತು. ಇನ್ನು ಸ್ಪರ್ಧೆ ಸಾಕೆಂದು ಕೋಚ್‌ಗೆ ತಿಳಿಸಿದ್ದೇನೆ. ಮೇ ತಿಂಗಳಿಂದ ನಮ್ಮೂರಿನ ಈಜುಕೊಳದಲ್ಲಿ ಮಕ್ಕಳಿಗೆ ಕಲಿಸುತ್ತೇನೆ.

ಭಾನುವಾರ ಬರುತ್ತಿದ್ದೇನೆ. ಮಂಡಿನೋವು ಇಟ್ಟುಕೊಂಡು ಸ್ಟೇಷನ್‌ಗೆ ಬರಬೇಡಿ. ಇನ್ಯಾರ ಬಾಗಿಲಿಗೂ ಹೋಗಬೇಡಿ. ಆಗುವುದಾದರೆ ಆ ಅನ್ನವನ್ನು ಇನ್ನೊಂದು ಸಲ ಮಾಡಿ, ಸ್ವಲ್ಪ ಸಾಕು. ದೇಶಕ್ಕೇ ಮೊದಲು ಬಂದವಳು ನಾನು. ಬೀದಿಯವರೆಲ್ಲ ತಿಂದರು, ನನಗಿನ್ನೂ ಒಂದು ತುತ್ತೂ ಸಿಕ್ಕಿಲ್ಲ.

ನಿಮ್ಮ ಮಗಳು,
ಚಿತೋಸೆ