ಎಂಟನೇ ತಾರೀಖು ನನಗೆ ಗೈರುಹಾಜರಿ ಹಾಕಿ

ಮಾನ್ಯ ಮೇಲಧಿಕಾರಿಗಳೇ,

ಜಾವಳಿಯಿಂದ ಒಳಗಿರುವ ಕಾಫಿ ಎಸ್ಟೇಟಿನ ಕೂಲಿ ಲೈನಿನ ಅಂಗನವಾಡಿ ಟೀಚರ್ ನಾನು. ಕಳೆದ ತಿಂಗಳು ಎಂಟನೇ ತಾರೀಖು ನಮ್ಮ ಕೇಂದ್ರದಲ್ಲಿ ಮೂರು ವರ್ಷದ ತನುಜಾ ಬಿಸಿ ಸಾಂಬಾರಿನ ಪಾತ್ರೆ ಎಳೆದುಕೊಂಡು ಕೈ ಸುಟ್ಟುಕೊಂಡಳು. ಅದಕ್ಕಾಗಿ ಸಹಾಯಕಿ ರುಕ್ಮಿಣಮ್ಮನವರನ್ನು ಕೆಲಸದಿಂದ ತೆಗೆಯುವುದಾಗಿ ನೋಟಿಸು ಕಳಿಸಿದ್ದೀರಿ. ಆ ಹೊತ್ತಿನಲ್ಲಿ ನಾನು ಕೇಂದ್ರದಲ್ಲಿ ಇರಲಿಲ್ಲ. ಇದನ್ನು ಎರಡು ಸಲ ಬರೆದುಕೊಟ್ಟೆ, ನೀವು ನಂಬಲಿಲ್ಲ. ಆದ್ದರಿಂದ ಈಗ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನೀವು ನಂಬಿದ್ದು ಮೊಬೈಲಿನ ಹಾಜರಿ ಆ್ಯಪನ್ನು. ದಿನಾ ಬೆಳಿಗ್ಗೆ ಮಕ್ಕಳ ನಡುವೆ ನಿಂತು, ಅದು ಹೇಳಿದಾಗ ಕಣ್ಣು ಮಿಟುಕಿಸಿ ಫೋಟೊ ತೆಗೆಯಬೇಕು. ಜಾಗ, ಹೊತ್ತು ತಾನಾಗಿ ಅದರಲ್ಲಿ ಮೂಡುತ್ತವೆ. ಅಲ್ಲಿಂದ ಸಂಜೆಯವರೆಗೆ ನಾನು ಹಾಜರು. ಆದರೆ ಆ ಫೋಟೊ ನಿಮ್ಮ ಕ್ಲೌಡಿಗೆ ಏರಬೇಕಾದರೆ ಮೊದಲು ನಾನು ಕಾಫಿ ಕಣ ದಾಟಿ ಗುಡ್ಡ ಏರಬೇಕು, ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಹೋಗಿಬರಲು ಮುಕ್ಕಾಲು ಗಂಟೆ. ಹತ್ತೂವರೆಯೊಳಗೆ ಕಳಿಸದಿದ್ದರೆ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಹೆಸರು ಕೆಂಪಕ್ಷರದಲ್ಲಿ ಬರುತ್ತದೆ, ನೂರಿಪ್ಪತ್ತು ಜನ ನೋಡುತ್ತಾರೆ. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಫೋಟೊ ತೆಗೆಯುವುದು, ಹತ್ತುವುದು, ಇಳಿಯುವುದು, ಅಷ್ಟೇ. ಗುಂಪಿನಲ್ಲಿ ನಾವು ಬರೆಯುವ ಹಾಗಿಲ್ಲ, ಹೆಬ್ಬೆರಳಿನ ಚಿತ್ರ ಒತ್ತಬಹುದು. ಇಲ್ಲಿ ನೆಟ್‌ವರ್ಕ್ ಇಲ್ಲ ಎಂಬುದನ್ನು ಹೆಬ್ಬೆರಳಿನಲ್ಲಿ ಹೇಳುವುದು ಹೇಗೆ, ಸ್ವಾಮಿ?

ಅಂದೂ ಫೋಟೊ ತೆಗೆದು ಹೊರಟೆ. "ಹೋಗ್ಬನ್ನಿ ಟೀಚರ್, ಇವ್ರನ್ನ ನಾ ನೋಡ್ಕೋತೀನಿ" ಎಂದರು ರುಕ್ಮಿಣಮ್ಮ. ಒಲೆಯೂ ಅವರ ಪಾಲಿಗೆ, ಹದಿನೇಳು ಮಕ್ಕಳೂ ಅವರ ಪಾಲಿಗೆ. ನಾನು ಇಳಿದು ಬರುವಷ್ಟರಲ್ಲಿ ಅವರು ಮಗುವನ್ನೆತ್ತಿಕೊಂಡು ಎಸ್ಟೇಟ್ ಜೀಪಿನಲ್ಲಿ ಮೂಡಿಗೆರೆ ಆಸ್ಪತ್ರೆಗೆ ಹೋಗಿಯಾಗಿತ್ತು. ಲೈನಿನ ಮರಿಯಮ್ಮ ಉಳಿದ ಮಕ್ಕಳನ್ನು ಹಿಡಿದುಕೊಂಡು ಕೂತಿದ್ದರು. ತನುಜಾಳ ಗಾಯ ಮಾಯುತ್ತಿದೆ, ಬೆರಳು ಮಡಚಲು ಇನ್ನೂ ಬರುತ್ತಿಲ್ಲ. ಅದೇ ಸಂಜೆ ಗುಂಪಿನಲ್ಲಿ ನನಗೆ ನಿಮ್ಮ ಪ್ರಶಂಸಾಪತ್ರ ಬಂತು: ಹಿಂದಿನ ತಿಂಗಳು ನೂರಕ್ಕೆ ನೂರು ಹಾಜರಿ. ಎಲ್ಲರೂ ಚಪ್ಪಾಳೆ ಒತ್ತಿದರು. ನಾನೂ ಕೈಮುಗಿಯುವ ಚಿತ್ರ ಒತ್ತಿದೆ. ಯಾಕೆ ಒತ್ತಿದೆನೋ ಗೊತ್ತಿಲ್ಲ. ಅವತ್ತು ನಾಚಿಕೆಯೂ ಆಗಲಿಲ್ಲ, ಈಗ ಆಗುತ್ತಿದೆ.

ವಿಚಾರಣೆಯಲ್ಲಿ ರುಕ್ಮಿಣಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಿಮ್ಮ ವರದಿ ಏನನ್ನುತ್ತದೆ? ದಾಖಲೆಯಂತೆ ಟೀಚರ್ ಕೇಂದ್ರದಲ್ಲೇ ಇದ್ದರು, ಸಹಾಯಕಿ ಸುಳ್ಳು ಹೇಳಿ ತಪ್ಪಿಸಿಕೊಳ್ಳಲು ನೋಡಿದ್ದಾರೆ. ಇಪ್ಪತ್ತೆರಡು ವರ್ಷ ಲೈನಿನ ಮಕ್ಕಳ ಮೂಗು ಒರೆಸಿದ ಹೆಂಗಸು ಸುಳ್ಳುಗಾತಿ, ಗುಡ್ಡದ ಮೇಲಿದ್ದ ನಾನು ಹಾಜರು! ಮಗುವನ್ನು ಎತ್ತಿಕೊಂಡು ಓಡಿದವರು ಯಾರೆಂದು ನಿಮ್ಮ ಕ್ಲೌಡಿಗೆ ಗೊತ್ತೇ? ಲೈನಿಗೆ ಬಂದು ಮರಿಯಮ್ಮನನ್ನು ಒಂದು ಮಾತು ಕೇಳಲು ನಿಮಗೆ ಪುರುಸೊತ್ತು ಸಿಗಲಿಲ್ಲವೇ?

ಮೊನ್ನೆ ರುಕ್ಮಿಣಮ್ಮನವರ ಮನೆಗೆ ಹೋಗಿದ್ದೆ. "ನಿಮ್ಮ ಹೆಸ್ರು ಹೇಳ್ದೆ ಅಂತ ಬೇಜಾರ್ ಮಾಡ್ಕೋಬೇಡಿ ಟೀಚರ್. ಕೆಲ್ಸ ಹೋದ್ರೆ ಹೋಗ್ಲಿ ಮಾರಾಯ್ರೆ. ಸುಳ್ಳು ಹೇಳಿದ್ಲು ಅಂತ ಬರ್ದಿದಾರಲ್ಲ, ಅದನ್ನಾದ್ರೂ ಅಳಿಸ್ತಾರಾ ಕೇಳಿ" ಎಂದರು.

ಕೇಳುತ್ತಿದ್ದೇನೆ. ಆ ಸಾಲು ಅಳಿಸಿ. ನೋಟಿಸಿನಲ್ಲಿ ಅವರ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ. ಎಂಟನೇ ತಾರೀಖು ನನಗೆ ಗೈರುಹಾಜರಿ ಹಾಕಿ. ಆ್ಯಪಿನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಕಾಗದದ ಮೇಲೆ ಬರೆದು ಸಹಿ ಮಾಡಿ. ನಾಳೆಯಿಂದ ನಾನು ಗುಡ್ಡ ಹತ್ತುವುದಿಲ್ಲ. ಮಕ್ಕಳ ಹತ್ತಿರ ಇರುತ್ತೇನೆ.

ಇಂತಿ,
ನಿಮ್ಮ ಪ್ರಶಂಸೆಗೆ ಪಾತ್ರಳಾದ
ಯಶೋದಾ, ಅಂಗನವಾಡಿ ಟೀಚರ್