ಅಪ್ಪನ ಮ್ಯಾಲ ಹೇಳಿದ ಕಥಿ

ಹನುಮನಹಳ್ಳಿ, 7-2-2019

ಅಪ್ಪಗ ಶರಣು.

ಚಿತ್ರ ಬರದು ಹೊಟ್ಟಿ ಹೊರಿಯೋರಿಗೆ ಇಲ್ಲೆ ಎರಡು ದಿನದ ಶಿಬಿರ ಐತಿ. ನಮ್ಮ ಕಥಿ ಹೇಳಿ ಕೆಲಸ ಹಿಡಿಯೋದು ಕಲಿಸ್ತಾರ. ಕೆಲಸ ಇಲ್ಲದ ಮೂವತ್ತು ಮಂದಿ ಒಬ್ಬರಿಗೊಬ್ಬರು ಕಾರ್ಡ್ ಕೊಟ್ಟು ಭಾಳ ದೊಡ್ಡ ಪರಿಚಯಸ್ಥರು ಆದಿವಿ.

"ಮೊದಲನೇ ಕುಂಚ ನಮ್ಮಪ್ಪನೇ ಕೊಡಿಸ್ಯಾನ್ರಿ" ಅಂದೆ.

"ಇದರಾಗ ನೋವು ಎಲ್ಲೈತಿ?" ಅಂದ್ರು ಕಲಿಸೋ ಮೇಡಂ.

ಅದಕ್ಕ ನೀ ನನ್ನ ಚಿತ್ರ ಎಲ್ಲಾ ಒಲಿಗೆ ಹಾಕಿದಿ ಅಂತ ಹೇಳಿದೆ. ಮಂದಿ ಅತ್ತರು. ಒಬ್ಬ ಹೋಟೆಲ್ ಮಾಲಕರು ಕಣ್ಣೊರಸಿಕೋತ ಆರು ಗ್ವಾಡಿ ಕೆಲಸ ಕೊಟ್ಟಾರ. ತಪ್ಪಾತು ಅಪ್ಪಾ, ಹೊಟ್ಟ್ಯಾಗ ಹಾಕ್ಕೋ.

ನನ್ನ ನೆಗಡಿ ಕಡಿಮಿ ಆಗೈತಿ. ಐತವಾರ ಆ ಮಾಲಕರು ಕ್ಯಾಮೆರಾ ತಗೊಂಡು ಯಲಬುರ್ಗಾಕ್ಕ ನಮ್ಮ ಮನಿಗೆ ಬರ್ತಾರ, ಕಟುಕ ಅಪ್ಪನ್ನ ನೋಡಾಕ. ದಯಮಾಡಿ ಬಾಗಲದಾಗ ನಿಂತು "ಬರ್ರಿ, ಊಟ ಮಾಡ್ರಿ" ಅನಬ್ಯಾಡ.

ಶಿವಲೀಲಾ